ಬಿಲ್ಲೆ ನಂಬರ್ ೨೧೭

ನಾಟಕ ನಾನು ಕೇಳಿದ್ದು ಇಪ್ಪತ್ತಾರು ವರ್ಷ,
ನೋಡಿದ್ದು ಇಲ್ಲವೆನ್ನುವಷ್ಟು ಕಮ್ಮಿ.
ರೀಗಾದ ಈ ರಂಗಮಂದಿರದಲ್ಲಿ ನನ್ನ ಜಾಗ
ಮೆಟ್ಟಿಲ ಕೆಳಗೆ, ಕೌಂಟರಿನ ಹಿಂದೆ.
ಹಿಮ ಹೊತ್ತ ಕೋಟು ಈಚೆ ಬರುತ್ತದೆ,
ಹಿತ್ತಾಳೆಯ ಬಿಲ್ಲೆ ಆಚೆ ಹೋಗುತ್ತದೆ.
ಚಪ್ಪಾಳೆ ಗೋಡೆಯೊಳಗಿಂದ ಇಳಿದು ಬಂದಾಗ
ನಾನು ಎದ್ದು ನಿಲ್ಲಬೇಕು. ಮೆಚ್ಚಿ ಅಲ್ಲ,
ಇನ್ನೇನು ನಾನೂರು ಕೈ ಒಟ್ಟಿಗೆ ಚಾಚುತ್ತವೆ, ಅದಕ್ಕೆ.

ರೈವಿಸ್, ದೀಪ ಬಿಡುವ ಹುಡುಗ, ಒಂದು ಮಧ್ಯಂತರದಲ್ಲಿ
ಕರಿ ಬ್ರೆಡ್ಡು ಜಗಿಯುತ್ತ ಹೇಳಿದ:
"ವೆಲ್ತಾ, ನೀವು ಮಾಡುತ್ತಿದ್ದೀರಲ್ಲ, ಇದಕ್ಕೇ
ಬ್ಯಾಕೆಂಡ್ ಅನ್ನುತ್ತಾರೆ."
ಬೈದನೋ ಹೊಗಳಿದನೋ ತಿಳಿಯದೆ
ಎರಡು ದಿನ ಅವನ ಕೋಟನ್ನು ಬೇಕೆಂತಲೇ ತಪ್ಪು ಗೂಟಕ್ಕೆ ಹಾಕಿದೆ.

ಮೂರನೆಯ ದಿನ ಅವನ ಹಳೆಯ ಲ್ಯಾಪ್‌ಟಾಪು ನನ್ನೆದುರು ಇತ್ತು.
ಎಸ್ ಗುಂಡಿ ಕಿತ್ತುಹೋಗಿ ಅಲ್ಲೊಂದು ರಬ್ಬರಿನ ತುಣುಕು.
ಐವತ್ತಮೂರಕ್ಕೆ ಅಕ್ಷರಾಭ್ಯಾಸ.

ಪರದೆ ಕಪ್ಪು. ಒಂದು ಗೆರೆ ಮಿಟುಕುತ್ತದೆ,
ಕಾದು ನಿಂತ ಗಿರಾಕಿಯ ಕಣ್ಣಿನ ಹಾಗೆ.
ಚಂದವೆಂಬುದೇ ಇಲ್ಲ ಅಲ್ಲಿ.
ಕೇಳಿದರೆ ಕೊಡು, ಇಲ್ಲದಿದ್ದರೆ ಇಲ್ಲವೆನ್ನು.
ಇಲ್ಲವೆನ್ನುವುದಕ್ಕೂ ಒಂದು ಸಂಖ್ಯೆ: ನಾನೂರ ನಾಲ್ಕು.
ನಮ್ಮ ಗೂಟಗಳು ನಾನೂರಕ್ಕೇ ಮುಗಿಯುತ್ತವೆ.
ಸರಿಯಾಗಿಯೇ ಇದೆ, ಅಂದುಕೊಂಡೆ.

ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡಬಾರದು,
ಉಪ್ಪು ಬೆರೆಸಿ, ಅರೆದು, ಮೂಲ ಮರಳಿ ಸಿಗದಂತೆ ಇಡಬೇಕು.
ಇದನ್ನು ರೈವಿಸ್ ಮೂರು ಸಂಜೆ ವಿವರಿಸಿದ.
ಚಳಿಗಾಲಕ್ಕೆ ಎಲೆಕೋಸು ಹುಳಿಗೆ ಹಾಕುವವಳಿಗೆ ಮೂರು ಸಂಜೆ ಯಾಕೆ?
ಜಾಡಿಗೊಂದು ಬೇರೆ ಉಪ್ಪು, ಅಷ್ಟೇ ತಾನೆ.

ಕಷ್ಟವಾದದ್ದು ಕಾಯುವುದು.
ಇಪ್ಪತ್ತಾರು ವರ್ಷ ಕಾಯುವುದೇ ಕಸುಬಾಗಿದ್ದವಳು
ಅವೇಟ್ ಎಂಬ ಒಂದು ಪದ ಮರೆತು
ಹನ್ನೊಂದು ರಾತ್ರಿ, ಕೋಟು ಕೇಳಿದವರ ಕೈಗೆ
ಕೋಟು ಕೊಡುತ್ತೇನೆಂಬ ಮಾತನ್ನಷ್ಟೇ ಇಟ್ಟೆ.
ಕೊನೆಯ ಟ್ರಾಮಿನಲ್ಲಿ ಅತ್ತೆ, ಒಂದು ಸಲ.
ಟಿಕೆಟ್ ಕೇಳಲು ಬಂದವನು ನೋಡಿ ಹಿಂದೆ ಸರಿದ.

ಆಮೇಲೆ ಫೆಬ್ರವರಿ. ದೌಗಾವ ನದಿ ಹೆಪ್ಪುಗಟ್ಟಿ ಮಲಗಿತ್ತು.
ಆಟ ಬಿಟ್ಟ ಮೇಲೆ ಇಬ್ಬರು ಬಂದರು, ಇಬ್ಬರ ಕೈಯಲ್ಲೂ ೨೧೭.
ಎಂದೋ ಕಳೆದ ಬಿಲ್ಲೆಗೆ ನಾವು ಬದಲಿ ಮಾಡಿಸಿದ್ದೆವು;
ಕಳೆದದ್ದು ಗುಡಿಸುವಾಗ ಸಿಕ್ಕಿ, ಹೊಸ ಹುಡುಗಿ
ಅಚ್ಚುಕಟ್ಟಾಗಿ ಅದೇ ಗೂಟಕ್ಕೆ ಸಿಕ್ಕಿಸಿದ್ದಾಳೆ.
ಒಂದನ್ನು ಅವಳು ಕೊಟ್ಟಳು, ಒಂದನ್ನು ನಾನು.
ಗೂಟದಲ್ಲಿ ಎರಡು ಕರಿ ಕೋಟು, ಒಂದರ ತೋಳು ಇನ್ನೊಂದರ ಹೆಗಲಿಗೆ.
ಒಬ್ಬಾತ ಮತ್ತೊಬ್ಬನದನ್ನು ತೊಟ್ಟು, ಜೇಬಿಗೆ ಕೈ ಹಾಕಿ,
ಯಾರದೋ ಕೆಮ್ಮಿನ ಮಾತ್ರೆ ಹಿಡಿದು ಬೆಚ್ಚಿ ನೋಡಿದ.
ಹಿಂದಿನವರು ಕೂಗಾಡಿದರು. ನನಗೆ ನಗು ತಡೆಯಲಿಲ್ಲ.
ವಾರವಿಡೀ ಪುಸ್ತಕದಲ್ಲಿ ಅರ್ಥವಾಗದೆ ಕೂತಿದ್ದ ಮಾತು,
ಒಂದು ಕೀಲಿಗೆ ಒಂದೇ ಸಾಲು, ಒಬ್ಬ ಬರೆಯುವಾಗ ಇನ್ನೊಬ್ಬ ನಿಲ್ಲಲಿ,
ನಾಲ್ಕು ಕಾಲಿನ ಮೇಲೆ ನಿಂತು
ನನ್ನನ್ನು ಬೈಯುತ್ತಿತ್ತು.

ಏಪ್ರಿಲಿನಲ್ಲಿ ನನ್ನದೊಂದು ಸರ್ವರಿಗೆ ಏರಿತು. ಸಣ್ಣದು.
ಜನ ಬಿಟ್ಟುಹೋದ ಕೈಗವಸುಗಳ ಪಟ್ಟಿ; ಕೇಳಿದರೆ ಹುಡುಕಿ ಹೇಳುತ್ತದೆ.
ಮೊದಲ ಕೋರಿಕೆ ರಾತ್ರಿ ಹನ್ನೊಂದು ನಲವತ್ತಕ್ಕೆ.
ಲಾಗಿನಲ್ಲಿ ಒಂದೇ ಸಾಲು: ಎಡಗೈ, ಬೂದು, ನಕ್ಷತ್ರದ ಹೆಣಿಗೆ.
ಹದಿನಾಲ್ಕು ಮಿಲಿಸೆಕೆಂಡಿನಲ್ಲಿ ಉತ್ತರ ಹೋಯಿತು,
ಸಭ್ಯವಾಗಿ, ತಪ್ಪಿಲ್ಲದೆ:
ಎರಡು ಚೌಕ ಕಂಸ, ನಡುವೆ ಏನೂ ಇಲ್ಲ.

ನಿದ್ದೆ ಹತ್ತಲಿಲ್ಲ.
ಇಲ್ಲ ಅನ್ನುವುದು ಬೇರೆ, ನಾನಿನ್ನೂ ಬರೆದಿಲ್ಲ ಅನ್ನುವುದು ಬೇರೆ.
ಬಾಯ್ಲರಿನ ಹಿಂದೆ ಮೂರು ಪೆಟ್ಟಿಗೆಗಳಿವೆ, ಯಾವ ಕಾಲದವೋ,
ನನ್ನ ಪಟ್ಟಿಗೆ ಅವುಗಳ ಸುದ್ದಿಯೇ ಗೊತ್ತಿಲ್ಲ.

ಬೆಳಿಗ್ಗೆ ಏಳಕ್ಕೆ ಬೀಗ ತೆಗೆದೆ.
ಮೊದಲನೆಯದರಲ್ಲಿ ಕೊಡೆಗಳು.
ಎರಡನೆಯದರಲ್ಲಿ ನುಸಿಗುಳಿಗೆಯ ವಾಸನೆ, ಮಗುವಿನದೊಂದು ಟೋಪಿ,
ಅಡಿಯಲ್ಲಿ ಬೂದು, ನಕ್ಷತ್ರ.
ಬಲಗೈ.

ಅದನ್ನೂ ಬರೆದುಕೊಂಡೆ.
ಮೂರನೆಯದರ ಹಗ್ಗ ಬಿಚ್ಚುತ್ತಿದ್ದೇನೆ,
ಗಂಟು ಬಿಗಿಯಾಗಿದೆ.